ದ್ರೋಹದ ಪೆಟ್ಟಿಗೆ: ಕಾರ್ಡು ಕೆಲಸ ಎಲ್ಲಿಗೆ ಬಂತು

ಈ ತಿಂಗಳು ಪೂರ್ತಿ ದ್ರೋಹದ ಮಾತುಗಳಿಗೇ ಹೋಯಿತು. ಹೊಸದಾಗಿ ಓದುವವರಿಗೆ ಹೇಳಿಬಿಡುತ್ತೇನೆ: ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಆಫೀಸುಗಳಿಗೆ ಸೇರುವ ಹುಡುಗ ಹುಡುಗಿಯರಿಗಾಗಿ ದಿನಬಳಕೆಯ ಇಂಗ್ಲಿಷ್ ಮಾತುಗಳ ಕಾರ್ಡು ಬರೆಯುತ್ತಿದ್ದೇನೆ. ಅರ್ಥವನ್ನು ಡಿಕ್ಷನರಿ ಹೇಳುತ್ತದೆ. ಆ ಮಾತು ಕೇಳಿದವರಿಗೆ ಎಷ್ಟು ನೋವಾಗುತ್ತದೆ ಅನ್ನೋದನ್ನು ಯಾರಾದರೂ ಕೂತು ಹೇಳಬೇಕು.

ಈ ಸಲ ಅಕ್ಷರ ಕ್ರಮ ಬಿಟ್ಟೆ. ಯಾರಿಗೆ ದ್ರೋಹವಾಯಿತು ಎಂದು ನೋಡಿ ವಿಂಗಡಿಸಿದೆ.

ದೇಶಕ್ಕೆ ಮಾಡಿದ ದ್ರೋಹದ ಕಾರ್ಡುಗಳು ಬೇಗ ಮುಗಿದವು. ‘ಟ್ರೈಟರ್’ ಎಲ್ಲರಿಗೂ ಗೊತ್ತು. ‘ಕ್ವಿಸ್ಲಿಂಗ್’ ಮಾತ್ರ ಒಬ್ಬ ಮನುಷ್ಯನ ಹೆಸರು. 1940ರ ಏಪ್ರಿಲ್ 9ರಂದು ಹಿಟ್ಲರನ ಸೈನ್ಯ ನಾರ್ವೆಗೆ ನುಗ್ಗಿತು. ಅದೇ ಸಂಜೆ ನಾರ್ವೆಯವನೇ ಆದ ರಾಜಕಾರಣಿ ವಿಡ್ಕುನ್ ಕ್ವಿಸ್ಲಿಂಗ್ ಶತ್ರುವಿನ ಪರ ನಿಂತು ರೇಡಿಯೊದಲ್ಲಿ ತಾನೇ ಸರ್ಕಾರದ ಮುಖ್ಯಸ್ಥ ಎಂದು ಸಾರಿದ. ಆ ತಿಂಗಳು ಮುಗಿಯುವ ಮೊದಲೇ ಬ್ರಿಟಿಷ್ ಪತ್ರಿಕೆಗಳು ಅವನ ಹೆಸರನ್ನು ಬೈಗುಳ ಮಾಡಿಕೊಂಡಿದ್ದವು. 1945ರ ಅಕ್ಟೋಬರಿನಲ್ಲಿ ಅವನಿಗೆ ಗುಂಡಿಕ್ಕಿದರು. ನಮ್ಮಲ್ಲಿ 1799ರ ಶ್ರೀರಂಗಪಟ್ಟಣದ ನೆನಪಿನಿಂದ ‘ಮೀರ್ ಸಾದಿಕ್’ ಅನ್ನುತ್ತೇವಲ್ಲ, ಅದನ್ನೇ ಕಾರ್ಡಿನ ಹಿಂದೆ ಬರೆದೆ. ಎಲ್ಲರಿಗೂ ತಟ್ಟನೆ ತಿಳಿಯಿತು.

‘ಟರ್ನ್‌ಕೋಟ್’ ಪಕ್ಷಾಂತರಿಗೆ. ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ, 1985ರಲ್ಲಿ ಕಾನೂನು ಬಂದ ಮೇಲೂ ಪೇಪರಿನಲ್ಲಿ ಸಿಗುತ್ತಲೇ ಇರುತ್ತವೆ. ‘ಡಬಲ್‌ಕ್ರಾಸ್’ಗೆ ಒಂದು ಷರತ್ತಿದೆ. ಇಬ್ಬರ ನಡುವೆ ಮೊದಲೇ ಒಂದು ಒಳಒಪ್ಪಂದ ಇರಬೇಕು, ಅದರಲ್ಲಿ ಒಬ್ಬ ಕೈ ಕೊಡಬೇಕು. ಬಾಜಿ ಕಟ್ಟುವ ಆಟಗಳಲ್ಲಿ ಸೋಲ್ತೀನಿ ಅಂತ ಮಾತು ಕೊಟ್ಟು ಗೆದ್ದುಬಿಡುವವನಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಹುಟ್ಟಿದ ಮಾತು. ಸುಮ್ನೆ ಸಾಲ ತೀರಿಸದವನಿಗೆ ಇದು ಹೊಂದುವುದಿಲ್ಲ.

ಆಫೀಸಿನ ಮಾತು ‘ಥ್ರೋ ಅಂಡರ್ ದ ಬಸ್’. ತನ್ನ ತಲೆ ಉಳಿಸಿಕೊಳ್ಳಲು ಜೊತೆಯವರ ಮೇಲೆ ತಪ್ಪು ಹೊರಿಸುವುದು. ವೈಟ್‌ಫೀಲ್ಡ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು, ‘ಸರ್, ಮೀಟಿಂಗಿನಲ್ಲಿ ದಿನಾ ಇದನ್ನೇ ಅಂತಾರೆ, ನಗ್ತಾನೂ ಅಂತಾರೆ’ ಅಂದಳು. ಹೌದು, ಇದು ಹಗುರ ಮಾತು. ಗೆಳೆಯರ ನಡುವೆ ನಡೆಯುತ್ತದೆ. ‘ಬ್ಯಾಕ್‌ಸ್ಟ್ಯಾಬರ್’, ಅಂದರೆ ಬೆನ್ನಿಗೆ ಚೂರಿ ಹಾಕುವವನು, ಅಂದರೆ ಮಾತ್ರ ಸ್ನೇಹ ಮುರಿಯಿತು ಅಂತಲೇ ಲೆಕ್ಕ. ಎರಡನ್ನೂ ಬೇರೆ ಬೇರೆ ಬಣ್ಣದ ಕಾರ್ಡಿನಲ್ಲಿ ಬರೆದೆ.

ಜಾಸ್ತಿ ಹೊತ್ತು ತೆಗೆದುಕೊಂಡಿದ್ದು ‘ಸೋಲ್ಡ್ ಡೌನ್ ದ ರಿವರ್’. ನಂಬಿದವರೇ ಕೈ ಬಿಟ್ಟು ಮೋಸ ಮಾಡಿದರು ಅಂತ ಅರ್ಥ. ಇನ್‌ಕ್ರಿಮೆಂಟ್ ಕಡಿಮೆ ಬಂದರೂ ಜನ ಇದನ್ನೇ ಹೇಳುತ್ತಾರೆ. ಆ ನದಿ ಯಾವುದು ಗೊತ್ತಾ? ಅಮೆರಿಕದ ಮಿಸ್ಸಿಸ್ಸಿಪ್ಪಿ. ಹತ್ತೊಂಬತ್ತನೇ ಶತಮಾನದಲ್ಲಿ ಕೆಂಟಕಿಯಂಥ ಕಡೆಯಿಂದ ಗುಲಾಮರನ್ನು ಒಹಾಯೊ, ಮಿಸ್ಸಿಸ್ಸಿಪ್ಪಿ ನದಿಗಳ ಮೇಲೆ ದಕ್ಷಿಣಕ್ಕೆ ಸಾಗಿಸಿ, ಹತ್ತಿ ಮತ್ತು ಕಬ್ಬಿನ ತೋಟಗಳಿಗೆ ಮಾರುತ್ತಿದ್ದರು. ಅಲ್ಲಿಯ ದುಡಿತ ಇನ್ನೂ ಕ್ರೂರ. ಗಂಡ ಹೆಂಡತಿ, ತಾಯಿ ಮಕ್ಕಳು ಅಲ್ಲಿಗೆ ಬೇರೆಯಾದರೆ ಮತ್ತೆ ಮುಖ ನೋಡುತ್ತಿರಲಿಲ್ಲ. ಇಷ್ಟನ್ನೂ ಕಾರ್ಡಿನಲ್ಲಿ ಬರೆದೆ. ಇಷ್ಟು ಜನರ ಕಣ್ಣೀರು ಇರುವ ಮಾತನ್ನು ಸಂಬಳದ ಜಗಳಕ್ಕೆ ಬಳಸಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕೇಳಿದಾಗ ಅರ್ಥವಾಗಲಿ, ಆಡುವುದು ಬೇಡ.

‘ಸ್ಕ್ಯಾಬ್’ ಕಾರ್ಡು ತಾನಾಗಿ ತುಂಬಿಕೊಂಡಿತು. ಮುಷ್ಕರ ನಡೆಯುವಾಗ ಜೊತೆಗಾರರನ್ನು ಬಿಟ್ಟು ಒಳಗೆ ಕೆಲಸಕ್ಕೆ ಹೋಗುವವನು. ಜಾಲಹಳ್ಳಿಯ ನಿವೃತ್ತ ಕಾರ್ಮಿಕರೊಬ್ಬರು 1980–81ರ ಸಾರ್ವಜನಿಕ ಉದ್ದಿಮೆಗಳ ಮುಷ್ಕರ ಕಂಡವರು. ‘ನಾವು ಬ್ಲ್ಯಾಕ್‌ಲೆಗ್ ಅಂತಿದ್ವಿ’ ಅಂದರು. ಅದು ಬ್ರಿಟಿಷರ ಕಡೆಯ ಮಾತು, ಸ್ಕ್ಯಾಬ್ ಅಮೆರಿಕದಲ್ಲಿ ಜಾಸ್ತಿ. ಹಾಗೆ ಅನ್ನಿಸಿಕೊಂಡ ಒಬ್ಬರ ಜೊತೆ ಅವರು ಇವತ್ತಿಗೂ ಮಾತಾಡುವುದಿಲ್ಲವಂತೆ. ಹಾಗಾಗಿ ಅದಕ್ಕೆ ಕೆಂಪು ಕಾರ್ಡು.

ಇನ್ನು ಉಳಿದಿರುವುದು ಪ್ರೀತಿಯಲ್ಲಿ ಆಗುವ ಮೋಸ: ‘ಚೀಟ್’, ‘ಟೂ ಟೈಮ್’, ಆ ಕಡೆಯವು. ‘ಸ್ನಿಚ್’ ಮತ್ತು ‘ವಿಸಲ್‌ಬ್ಲೋವರ್’ ಇನ್ನೂ ಮೇಜಿನ ಮೇಲೇ ಇವೆ. ಇಬ್ಬರೂ ಒಳಗಿನ ಗುಟ್ಟನ್ನು ಹೊರಗೆ ಹಾಕುವವರೇ. ಒಬ್ಬ ಜೊತೆಯವರ ಮೇಲೆ ಚಾಡಿ ಹೇಳುತ್ತಾನೆ, ಇನ್ನೊಬ್ಬ ಸಂಸ್ಥೆಯೊಳಗಿನ ಅಕ್ರಮವನ್ನು ಬಯಲಿಗೆಳೆಯುತ್ತಾನೆ. ಮೊದಲನೆಯವನು ಪೆಟ್ಟಿಗೆಯೊಳಗೆ ಹೋಗುತ್ತಾನೆ. ಎರಡನೆಯವನಿಗೆ ಈ ಪೆಟ್ಟಿಗೆಯಲ್ಲಿ ಜಾಗ ಕೊಡಲು ನನಗೆ ಮನಸ್ಸಿಲ್ಲ. ಮುಂದಿನ ತಿಂಗಳು ‘ಧೈರ್ಯ’ ಅಂತ ಬೇರೆ ಪೆಟ್ಟಿಗೆ ಶುರು ಮಾಡಿ ಅವನನ್ನು ಅಲ್ಲಿಡುತ್ತೇನೆ.