ಹನ್ನೊಂದು ಸಲ ಆಗ್ತದೆ

ಮಂಗಳವಾರದಿಂದ ಒಂದು ಪ್ರಶ್ನೆ ಮಂಡೆಯಲ್ಲಿ ಕೂತುಬಿಟ್ಟಿದೆ, ಎಬ್ಬಿಸಿದ್ರೂ ಏಳುದಿಲ್ಲ. ಮಂಗಳೂರು ಬೈಕಂಪಾಡಿಯ ನಮ್ಮ ಶೆಡ್ಡಿಗೆ ಕೊರಿಯಾದವರೊಬ್ಬರು ಬಂದಿದ್ರು, ಜೊತೆಗೆ ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್. ನಮ್ಮದು ಶೀಟ್ ಮೆಟಲ್ ಕೆಲಸ, ಬ್ರಾಕೆಟ್, ಪ್ಯಾನೆಲ್ ಬಾಕ್ಸ್ ಅಂಥದ್ದೆಲ್ಲ. ನಾನು ಹೆಸರಿಗೆ ಅಕೌಂಟ್ಸ್, ನಿಜಕ್ಕೆ ಜಿಎಸ್‌ಟಿಯಿಂದ ಹಿಡಿದು ಗೆಸ್ಟಿಗೆ ಬೊಂಡ ತರಿಸುವವರೆಗೆ ಎಲ್ಲ ನಂದೇ. ಅವರ ಕಂಪೆನಿ ಈ ಕಡೆ ಫ್ಯಾಕ್ಟರಿ ಹಾಕಿದ್ರೆ ಪಾರ್ಟ್ಸ್ ಮಾಡಿ ಕೊಡ್ಲಿಕ್ಕೆ ಇಲ್ಲಿ ಯಾರುಂಟು ಅಂತ ನೋಡ್ಲಿಕ್ಕೆ ಬಂದದ್ದು.

ಕನ್ಸಲ್ಟೆಂಟ್ ಬಗ್ಗೆ ಹೇಳ್ಲಿಕ್ಕೆ ಜಾಸ್ತಿ ಇಲ್ಲ. ಕೆಸರಲ್ಲಿ ಶೂ ಹಾಳಾಗ್ತದೆ ಅಂತ ಅರ್ಧ ಹೊತ್ತು ಕಾರಲ್ಲೇ ಕೂತಿದ್ದ, ಇಳಿದಾಗೆಲ್ಲ "ಇಕೋಸಿಸ್ಟಮ್, ಇಕೋಸಿಸ್ಟಮ್" ಅಂತ ಹೇಳಿ ಪುನಃ ಹತ್ತಿದ. ಕೊರಿಯಾದವರು ಬೇರೆ ಜಾತಿಯ ಜನ. ಐವತ್ತರ ಮೇಲೆ ಪ್ರಾಯ, ಕೊಡೆ ಸಹ ಇಲ್ಲದೆ ಮಳೆಯಲ್ಲಿ ಹಿಂದಿನ ಸ್ಕ್ರ್ಯಾಪ್ ಯಾರ್ಡಿನವರೆಗೂ ಹೋಗಿ ನೋಡಿದ್ರು. ಮೊದಲು ವಿಯೆಟ್ನಾಮಿನ ಬಾಕ್ ನಿನ್ಹಲ್ಲಿ ಇದ್ದವರಂತೆ, 2008ರಲ್ಲಿ ಸ್ಯಾಮ್ಸಂಗ್ ಫೋನ್ ಫ್ಯಾಕ್ಟರಿ ಹಾಕ್ಲಿಕ್ಕೆ ಹೊರಟದ್ದು ಅದೇ ಊರಲ್ಲಿ, ಈಗ ಸ್ಯಾಮ್ಸಂಗಿನ ಫೋನಲ್ಲಿ ಹತ್ತಿರತ್ತಿರ ಅರ್ಧ ವಿಯೆಟ್ನಾಮಿಂದಲೇ ಬರುದು. ದೊಡ್ಡ ಫ್ಯಾಕ್ಟರಿ ಒಂದೇ ಬಂದ್ರೆ ಸಾಲುದಿಲ್ಲ, ಅದರ ಹಿಂದೆ ಸ್ಕ್ರೂ ಮಾಡುವವ, ಡಬ್ಬಿ ಮಾಡುವವ, ಅಚ್ಚು ಮಾಡುವವ ಎಲ್ಲ ಬರ್ಬೇಕು ಅಂತ ಹೇಳಿದ್ರು. ಕನ್ಸಲ್ಟೆಂಟಿನ ಇಕೋಸಿಸ್ಟಮ್ ಅಂದ್ರೆ ಎಂತ ಅಂತ ನನಗೆ ತಲೆಗೆ ಹೋದದ್ದು ಆಗಲೇ.

ಪ್ರಶ್ನೆ ಕೇಳ್ಲಿಕ್ಕೆ ಶುರು ಮಾಡಿದ್ರು. ಅವರು ಇಂಗ್ಲಿಷಲ್ಲಿ ಕೇಳುದು, ನಾನು ನಮ್ಮ ಧನಿಗೆ ಹೇಳುದು, ಧನಿ ಉತ್ತರ ಕೊಡುದು. ತಿಂಗಳಿಗೆ ಇಷ್ಟು ಪೀಸ್ ಆಗ್ತದಾ? ಆಗ್ತದೆ. ಕರೆಂಟ್ ಹೋದ್ರೆ ಪ್ರೆಸ್ ನಡೀತದಾ? ಆಗ್ತದೆ. ಇದೇ ಟಾಲರೆನ್ಸಲ್ಲಿ, ಅಂದ್ರೆ ಅಳತೆ ಇಷ್ಟಕ್ಕಿಂತ ಹೆಚ್ಚು ಆಚೀಚೆ ಹೋಗದ ಹಾಗೆ, ವರ್ಷವಿಡೀ ಕೊಡ್ಲಿಕ್ಕೆ? ಆಗ್ತದೆ ಆಗ್ತದೆ. ಮಳೆಗಾಲದಲ್ಲಿ ಘಾಟಿ ಬಂದ್ ಆದ್ರೆ ಬೆಂಗಳೂರಿಂದ ಬರುವ ಶೀಟ್? ಧನಿ ನಕ್ಕು, "ಅದೆಲ್ಲ ಆಗ್ತದೆ ಮಾರಾಯ, ನಾವು ಮ್ಯಾನೇಜ್ ಮಾಡ್ತೇವೆ ಅಂತ ಹೇಳು." ನಾನು ಹೇಳಿದೆ, ಯೆಸ್ ಸರ್.

ಆಮೇಲೆ ಗೋಳಿಬಜೆ, ಚಾ. ಅವರು ಸಣ್ಣ ಪುಸ್ತಕ ತೆಗೆದು ನನ್ನ ಹತ್ರ ಕೇಳಿದ್ರು, ಈ ಆಗ್ತದೆ ಅಂದ್ರೆ ಎಂತ? ಶಬ್ದ ಅಷ್ಟು ಸಲ ಕೇಳಿ ಅವರಿಗೇ ಬಾಯಿಪಾಠ ಆಗಿತ್ತು. ನಾನು ಯೆಸ್ ಅಂದೆ. ಅವರು ಪುಸ್ತಕ ತಿರುಗಿಸಿ ತೋರಿಸಿದ್ರು, ಗೆರೆ ಎಳೆದು ಲೆಕ್ಕ ಹಾಕಿದ್ದಾರೆ, ಹನ್ನೊಂದು. ಸಿಟ್ಟಿಲ್ಲ, ತಮಾಷೆಯೂ ಅಲ್ಲ, ಸುಮ್ನೆ ಕೇಳಿದ್ರು: "ಇದರಲ್ಲಿ ನೋ ಯಾವುದು?"

ನಾನು ಗೋಳಿಬಜೆ ಬಾಯಲ್ಲಿಟ್ಟುಕೊಂಡು ಹಾಗೇ ನಿಂತೆ. ಯಾಕಂದ್ರೆ ಇತ್ತು, ಕಡಿಮೆ ಅಂದ್ರೂ ಮೂರು. ಜನರೇಟರಿಗೆ ದೊಡ್ಡ ಪ್ರೆಸ್ಸಿನ ಲೋಡ್ ತಡೀಲಿಕ್ಕೆ ಆಗುದಿಲ್ಲ, ಅದು ನನಗೂ ಗೊತ್ತು, ಧನಿಗೂ ಗೊತ್ತು, ಜನರೇಟರಿಗೂ ಗೊತ್ತು. ಘಾಟಿದ್ದಂತೂ ಕೇಳುದೇ ಬೇಡ. 2018ರಲ್ಲಿ ಕಾಂಕ್ರೀಟ್ ಹಾಕ್ಲಿಕ್ಕೆ ಅಂತ ಶಿರಾಡಿ ತಿಂಗಳುಗಟ್ಟಲೆ ಬಂದ್, ಓಪನ್ ಆಯ್ತು ಅನ್ನುವಾಗ ಆಗಸ್ಟಲ್ಲಿ ಗುಡ್ಡ ಜರಿದು ಪುನಃ ಬಂದ್. 2024ರ ಜುಲೈಯಲ್ಲಿ ಸಕಲೇಶಪುರದ ಹತ್ರ ರಸ್ತೆಗೆ ಮಣ್ಣು ಬಿತ್ತು, ಅದೇ ತಿಂಗಳು ಕಡಗರವಳ್ಳಿ ಯಡಕುಮೇರಿ ಮಧ್ಯ ರೈಲಿನ ಹಳಿಯ ಅಡಿಯ ಮಣ್ಣೇ ಹೋಯ್ತು. ಪಣಂಬೂರಲ್ಲಿ ಬಂದರು ಉಂಟು, ಬಜ್ಪೆಯಲ್ಲಿ ವಿಮಾನ ಉಂಟು, ಸುರತ್ಕಲ್ಲಲ್ಲಿ ಎನ್ಐಟಿಕೆ ಉಂಟು, ಎಲ್ಲ ಉಂಟು, ಘಾಟಿ ಕುಸಿದ್ರೆ ಮಾತ್ರ ಬೆಂಗಳೂರು ವಿಯೆಟ್ನಾಮಿನಷ್ಟೇ ದೂರ.

ಆದ್ರೆ ಅವರಿಗೆ ಬೇಕಾದ್ದು ಒಳ್ಳೆ ರಸ್ತೆ ಅಲ್ಲ ಅಂತ ನನಗೆ ಅನ್ನಿಸಿದ್ದು ಆಮೇಲೆ, ರಾತ್ರಿ ನಿದ್ದೆ ಬಾರದೆ ಬಿದ್ದುಕೊಂಡಾಗ. ಹತ್ತು ದಿನ ಬಂದ್ ಆಗ್ತದೆ ಅಂತ ಹೇಳಿದ್ರೆ ಹದಿನೈದು ದಿನದ ಶೀಟ್ ಮೊದಲೇ ತಂದು ಗೋಡೌನಲ್ಲಿ ಇಡ್ತಾರೆ, ಅದಕ್ಕೆಷ್ಟು ಬಡ್ಡಿ, ಎಷ್ಟು ಬಾಡಿಗೆ ಅಂತ ಲೆಕ್ಕ ಹಾಕಿ ರೇಟಿಗೆ ಸೇರಿಸ್ತಾರೆ, ಮುಗೀತು. ಆಗ್ತದೆ ಅನ್ನುದಕ್ಕೆ ಗೋಡೌನ್ ಎಷ್ಟು ದೊಡ್ಡದು ಕಟ್ಟುದು? ಲೆಕ್ಕಕ್ಕೆ ಸಿಗದ ಕಡೆ ಯಾರು ದುಡ್ಡು ಹಾಕ್ತಾರೆ, ನಾನಾದ್ರೂ ಹಾಕುದಿಲ್ಲ.

ಧನಿ ಸುಳ್ಳುಗಾರ ಅಲ್ಲ, ಅದೂ ಹೇಳ್ಬೇಕು. ನಾವು ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುದಿಲ್ಲ, ಮದುವೆಗೆ ಕರೆದ್ರೂ ಬರ್ತೇವೆ ಅಂತಲೇ ಹೇಳುದು. ತುಳುವಿನ ಆಪುಂಡು ಕೂಡ ಇದೇ ಸೈಜಿನ ಶಬ್ದ. ಬೆಂಗಳೂರಲ್ಲಿ 2025ರ ಫೆಬ್ರವರಿಯಲ್ಲಿ ಇನ್ವೆಸ್ಟ್ ಕರ್ನಾಟಕ ಅಂತ ಬಂಡವಾಳದ ಸಮಾವೇಶ ನಡೀತಲ್ಲ, ಹಾಕ್ತೇವೆ ಅಂತ ಒಪ್ಪಿದ ಬಂಡವಾಳ 10 ಲಕ್ಷ ಕೋಟಿ ದಾಟಿತು ಅಂತ ಪೇಪರಲ್ಲಿ ಬಂತು, ಒಡಂಬಡಿಕೆ ಅಂದ್ರೆ ಸೈನ್ ಹಾಕಿದ ಆಗ್ತದೆ ಅಷ್ಟೇ, ಗೋಡೆ ಎದ್ದ ಮೇಲೆ ನೋಡ್ಬೇಕು. ನಮ್ಮ ಕಡೆ ಸರಿಯಾಗಿ ಇಲ್ಲ ಅಂತ ಹೇಳಿದ್ದು ನಂದಿಕೂರಿನವರು. ಅಮೆರಿಕದ ಕೊಜೆಂಟ್ರಿಕ್ಸ್ 1000 ಮೆಗಾವಾಟಿನ ಕಲ್ಲಿದ್ದಲು ಪ್ಲಾಂಟ್ ಹಾಕ್ತೇವೆ ಅಂತ ಬಂದಿತ್ತು, ಮಲ್ಲಿಗೆ, ಗದ್ದೆ, ಮೀನು ಎಲ್ಲ ಹೋಗ್ತದೆ ಅಂತ ಜನ ಎದುರು ನಿಂತ್ರು. ಈಚೆ ಪರ್ಮಿಶನ್, ಕೋರ್ಟು ಅಂತ ವರ್ಷಗಟ್ಟಲೆ ಎಳೆದು 1999ರಲ್ಲಿ ಅವರೇ ಗಂಟುಮೂಟೆ ಕಟ್ಟಿದ್ರು. ಆಮೇಲೆ ಅಲ್ಲೇ ಬೇರೆಯವರು 1200 ಮೆಗಾವಾಟಿನ ಕಲ್ಲಿದ್ದಲು ಪ್ಲಾಂಟನ್ನೇ ಕಟ್ಟಿದ್ರು, ಅದು ಬೇರೆ ಕಥೆ. ಜನ ಮಾಡಿದ್ದು ಸರಿಯಾ ತಪ್ಪಾ ಅಂತ ನಮ್ಮ ಮನೆಯಲ್ಲೇ ಇವತ್ತಿಗೂ ಜಗಳ ಉಂಟು, ಆದ್ರೆ ಜನರ ಉತ್ತರ ಆ ಕಂಪೆನಿಗೆ ಮೊದಲ ದಿನವೇ ಗೊತ್ತಿತ್ತು. ವರ್ಷಗಟ್ಟಲೆ ಆಗ್ತದೆ ಆಗ್ತದೆ ಅಂದದ್ದು ಆಫೀಸುಗಳು.

ನಿನ್ನೆ ಅವರ ಮೇಲ್ ಬಂತು. ಮೊದಲನೇದ್ದೇ, ಕಳೆದ ವರ್ಷಗಳಲ್ಲಿ ಘಾಟಿ ಎಷ್ಟೆಷ್ಟು ದಿನ ಬಂದ್ ಇತ್ತು, ತಾರೀಕು ಸಮೇತ ಕಳಿಸಿ. ಧನಿಗೆ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿ, "ಇದೆಂತ ಇಂಟರ್ವ್ಯೂವಾ? ಆಗ್ತದೆ ಅಂತ ಬರಿ" ಅಂದ್ರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಅವರೇ, "ಅಲ್ಲ, ಜನರೇಟರಿದ್ದು ಬೇಕಾದ್ರೆ ನಿಜ ಬರಿ" ಅಂದ್ರು.

ತಾರೀಕಿಗೋಸ್ಕರ ನಮ್ಮ ಲೋಡ್ ತರುವ ಲಾರಿಯವರಿಗೆ ಫೋನ್ ಮಾಡಿದೆ. ಅಣ್ಣಾ, 24ರ ಜುಲೈಯಲ್ಲಿ ಶಿರಾಡಿ ಒಟ್ಟು ಎಷ್ಟು ದಿನ ಬಂದ್ ಇತ್ತು, ನಿಮ್ಮ ಬುಕ್ಕಲ್ಲಿ ಉಂಟಾ ನೋಡಿ.

"ಅದೆಲ್ಲ ಯಾಕೆ ಈಗ? ಲೋಡ್ ಯಾವತ್ತು ಹೇಳಿ ಮಾರಾಯ್ರೆ, ಆಗ್ತದೆ."