ಫಿಯೊ ಜಾಬ್ ಫೈಲ್: ಯಾವ ಆಪ್ಷನ್ ಏನನ್ನು ಅಳೆಯುತ್ತದೆ

ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ಗೆ ಒಂದು ಸುತ್ತು ಮುಗಿಸಲು 8.33 ಮಿಲಿಸೆಕೆಂಡ್ ಬೇಕು. ಬೇಕಾದ ಸೆಕ್ಟರ್ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.17. ಹೆಡ್ ಆ ಟ್ರ್ಯಾಕ್‌ವರೆಗೆ ಸರಿಯಲು ಇನ್ನೂ 8-9 ಮಿಲಿಸೆಕೆಂಡ್. ಲೆಕ್ಕ ಹಾಕಿದರೆ ಸೆಕೆಂಡಿಗೆ 75-80 ರ‍್ಯಾಂಡಮ್ ಐಒ (ಚದುರಿದ ಜಾಗಗಳಲ್ಲಿ ಓದು ಅಥವಾ ಬರಹ), ಅಷ್ಟೇ. ಇಂಥ ಡಿಸ್ಕ್ ಮೇಲೆ ಸ್ಟೋರೇಜ್ ವೇಗ ಅಳೆಯುವ ಫಿಯೊ ಓಡಿಸಿ 4ಕೆ ರ‍್ಯಾಂಡಮ್ ರೈಟ್ ಲಕ್ಷ ಐಒಪಿಎಸ್ (ಸೆಕೆಂಡಿಗೆ ಐಒ) ದಾಟಿತೆಂದು ಯಾರಾದರೂ ಸ್ಕ್ರೀನ್‌ಶಾಟ್ ಕಳಿಸಿದರೆ, ಅವರು ಅಳೆದದ್ದು ಡಿಸ್ಕನ್ನಲ್ಲ, ರ‍್ಯಾಮನ್ನು.

ತಪ್ಪು ಫಿಯೊದ್ದಲ್ಲ. ಲಿನಕ್ಸ್ ಬ್ಲಾಕ್ ಲೇಯರ್ ನೋಡಿಕೊಳ್ಳುವ ಯೆನ್ಸ್ ಆಕ್ಸ್‌ಬೋ ಬರೆದ ಈ ಟೂಲ್ ನೀವು ಹೇಳಿದ್ದನ್ನಷ್ಟೇ ಮಾಡುತ್ತದೆ. ಹೇಳದೆ ಬಿಟ್ಟದ್ದಕ್ಕೆ ಡಿಫಾಲ್ಟ್ ಹಿಡಿಯುತ್ತದೆ. ಆ ಡಿಫಾಲ್ಟ್‌ಗಳು ಇವು: ಬ್ಲಾಕ್ ಸೈಜ್ 4ಕೆ, ಐಒಡೆಪ್ತ್ (ಒಮ್ಮೆಗೆ ಕಳಿಸಿಟ್ಟಿರುವ ಐಒಗಳ ಸಂಖ್ಯೆ) 1, ಡೈರೆಕ್ಟ್ (ಕರ್ನಲ್‌ನ ಕ್ಯಾಶ್ ಬಳಸದೆ ನೇರ ಡಿಸ್ಕ್‌ಗೆ ಹೋಗುವುದು) 0, ಲಿನಕ್ಸ್‌ನಲ್ಲಿ ಐಒಎಂಜಿನ್ (ಐಒ ಕಳಿಸುವ ವಿಧಾನ) ಪಿಸಿಂಕ್. ಡೈರೆಕ್ಟ್ 0 ಇದ್ದಾಗ ರೈಟ್ ರ‍್ಯಾಮ್‌ನಲ್ಲಿರುವ ಪೇಜ್ ಕ್ಯಾಶ್‌ಗೆ ಬಿದ್ದ ಕೂಡಲೇ ಕರ್ನಲ್ ‘ಆಯಿತು’ ಎನ್ನುತ್ತದೆ. ಡಿಸ್ಕ್‌ಗೆ ಇನ್ನೂ ಹೋಗದ ಡರ್ಟಿ ಪೇಜ್‌ಗಳ ಮಿತಿ ತುಂಬುವವರೆಗೆ ಸಂಖ್ಯೆ ಆಕಾಶದಲ್ಲಿರುತ್ತದೆ, ಆಮೇಲೆ ದೊಪ್ಪನೆ ಬೀಳುತ್ತದೆ. ಹತ್ತು ಸೆಕೆಂಡಿನ ಟೆಸ್ಟ್ ಆದರೆ ಬೀಳುವುದು ಕಾಣುವುದೇ ಇಲ್ಲ.

(ಆಪ್ಷನ್‌ಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಫಿಯೊಗೆ ಆಪ್ಷನ್‌ಗಳನ್ನು ಬರೆದುಕೊಡುವ ಜಾಬ್ ಫೈಲ್‌ನಲ್ಲಿ ಇವನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಅಂಡರ್‌ಸ್ಕೋರ್ ಇದ್ದಲ್ಲಿ ಅಂಡರ್‌ಸ್ಕೋರ್ ಸಮೇತ ಟೈಪ್ ಮಾಡಿ.)

ರೀಡ್‌ನಲ್ಲಿ ಮೋಸ ಇನ್ನೊಂದು ರೀತಿ. ಟೆಸ್ಟ್ ಶುರುವಾಗುವ ಮುಂಚೆ ಆ ಫೈಲ್‌ನ ಕ್ಯಾಶ್ ಬಿಡಿಸುವ ಇನ್‌ವ್ಯಾಲಿಡೇಟ್ ಆಪ್ಷನ್ ಡಿಫಾಲ್ಟ್ ಆಗಿಯೇ ಆನ್ ಇರುತ್ತದೆ, ಹಾಗಾಗಿ ಮೊದಲ ಸುತ್ತು ಡಿಸ್ಕ್‌ನಿಂದಲೇ ಬರುತ್ತದೆ. ಆದರೆ ಸೈಜ್ 1ಜಿ, ಜೊತೆಗೆ ಟೈಮ್_ಬೇಸ್ಡ್ (ಹೇಳಿದ ಸಮಯ ಮುಗಿಯುವವರೆಗೆ ಮತ್ತೆ ಮತ್ತೆ ಓಡಿಸುವುದು) ಕೊಟ್ಟಿದ್ದರೆ ಎಸ್‌ಎಸ್‌ಡಿಯಲ್ಲಿ ಕೆಲವೇ ಸೆಕೆಂಡಿನಲ್ಲಿ ಆ ಸುತ್ತು ಮುಗಿದು, ಎರಡನೆಯದರಿಂದ ಎಲ್ಲವೂ ರ‍್ಯಾಮ್. ಡೈರೆಕ್ಟ್=1 ಹಾಕಿದರೆ ಎರಡೂ ಮೋಸ ನಿಲ್ಲುತ್ತವೆ. ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್‌ನಲ್ಲಿ ಮಾತ್ರ ಹುಷಾರು: ಓಪನ್‌ಝಡ್‌ಎಫ್‌ಎಸ್ 2.3ಕ್ಕಿಂತ ಹಳೆಯದರಲ್ಲಿ ಡೈರೆಕ್ಟ್ ಐಒ ನಿಜವಾಗಿ ಇಲ್ಲ, ರೀಡ್‌ಗಳು ಅದರ ಸ್ವಂತ ಕ್ಯಾಶ್‌ನಿಂದಲೇ ಬರುತ್ತವೆ. ಅಲ್ಲಿ ಫೈಲ್ ಅನ್ನು ರ‍್ಯಾಮ್‌ಗಿಂತ ಎರಡು ಮೂರು ಪಟ್ಟು ದೊಡ್ಡದು ಮಾಡಬೇಕು.

ಇನ್ನು ಐಒಡೆಪ್ತ್. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಐಒಡೆಪ್ತ್=32 ಎಂದು ಬರೆದು ಎಂಜಿನ್ ಬದಲಿಸದೆ ಬಿಟ್ಟರೆ ಆ 32 ಬರೀ ಅಲಂಕಾರ. ಪಿಸಿಂಕ್ ಒಂದು ಐಒ ಕಳಿಸಿ, ಅದು ಮುಗಿದ ಮೇಲೇ ಇನ್ನೊಂದು ಕಳಿಸುತ್ತದೆ. ಡೆಪ್ತ್ ಬೇಕಿದ್ದರೆ ಲಿಬ್‌ಎಐಒ ಅಥವಾ ಐಒ_ಯುರಿಂಗ್ ಬೇಕು. ಎರಡನೆಯದೂ ಆಕ್ಸ್‌ಬೋ ಅವರದೇ, 2019ರ 5.1 ಕರ್ನಲ್‌ನಿಂದ ಇದೆ. ಲಿಬ್‌ಎಐಒ ಕೊಟ್ಟು ಡೈರೆಕ್ಟ್=1 ಮರೆತರೂ ಪಾಡು ಅದೇ: ಬಫರ್ಡ್ ಐಒ ಸಬ್ಮಿಟ್ ಮಾಡುವಾಗಲೇ ತಡೆದು ನಿಲ್ಲುತ್ತದೆ, ಕ್ಯೂ ಬೆಳೆಯುವುದೇ ಇಲ್ಲ.

ಡೆಪ್ತ್ ನಿಜವಾಗಿ ತುಂಬಿತೇ ಎಂದು ಊಹಿಸಬೇಕಿಲ್ಲ. ಔಟ್‌ಪುಟ್‌ನ ಕೆಳಭಾಗದಲ್ಲಿ ‘ಐಒ ಡೆಪ್ತ್ಸ್’ ಎಂಬ ಸಾಲಿದೆ. ಅಲ್ಲಿ 32ರ ಎದುರು ಶೇ 100ರ ಹತ್ತಿರ ಇದ್ದರೆ ಸರಿ. 1ರ ಎದುರು ಶೇ 100 ಕಂಡರೆ ಆ ಟೆಸ್ಟ್ ಕಸದ ಬುಟ್ಟಿಗೆ. ಸ್ಲಾಟ್ ಮತ್ತು ಕ್ಲಾಟ್ ಸಾಲುಗಳೂ ಇದನ್ನೇ ಹೇಳುತ್ತವೆ: ಸಬ್ಮಿಟ್ ಮಾಡಲು ಹಿಡಿದ ಸಮಯ ಸ್ಲಾಟ್, ಅಲ್ಲಿಂದ ಮುಗಿಯುವವರೆಗಿನದು ಕ್ಲಾಟ್. ಸ್ಲಾಟೇ ದೊಡ್ಡದಾಗಿ ಕ್ಲಾಟ್ ಚಿಕ್ಕದಾಗಿದ್ದರೆ ಐಒ ಸಬ್ಮಿಟ್‌ನಲ್ಲೇ ಸಿಕ್ಕಿಕೊಂಡಿದೆ ಎಂದರ್ಥ.

ಡೆಪ್ತ್ ಎಷ್ಟಿರಬೇಕು? ಐಒಪಿಎಸ್ ಎಂದರೆ ಡೆಪ್ತ್ ಅನ್ನು ಲೇಟೆನ್ಸಿಯಿಂದ (ಒಂದು ಐಒ ಮುಗಿಯಲು ಹಿಡಿಯುವ ಸಮಯ) ಭಾಗಿಸಿದ್ದು. ಡೆಪ್ತ್ 1ರಲ್ಲಿ ಲೇಟೆನ್ಸಿ 100 ಮೈಕ್ರೋಸೆಕೆಂಡ್ ಇದ್ದರೆ 10,000 ಐಒಪಿಎಸ್. ಡೆಪ್ತ್ 32ರಲ್ಲಿ ಅದು 160 ಆದರೆ 2 ಲಕ್ಷ. ಆ ಡ್ರೈವ್‌ನ ತಾಕತ್ತು 2 ಲಕ್ಷಕ್ಕೇ ಮುಗಿಯುತ್ತದೆ ಎಂದುಕೊಳ್ಳಿ. ಡೆಪ್ತ್ 256 ಮಾಡಿದರೆ ಐಒಪಿಎಸ್ ಅಲ್ಲೇ ಇರುತ್ತದೆ, ಲೇಟೆನ್ಸಿ ಮಾತ್ರ 1280 ಮೈಕ್ರೋಸೆಕೆಂಡ್‌ಗೆ ಏರುತ್ತದೆ. ಎಂಟು ಪಟ್ಟು ಕಾಯುವಿಕೆ, ಲಾಭ ಸೊನ್ನೆ. ಮಾರಾಟದ ಹಾಳೆಯಲ್ಲಿ ದೊಡ್ಡ ಡೆಪ್ತ್‌ನ ಐಒಪಿಎಸ್ ಪಕ್ಕದಲ್ಲೇ ಡೆಪ್ತ್ 1ರ ಲೇಟೆನ್ಸಿ ಅಚ್ಚಾಗಿರುವುದುಂಟು. ಎರಡೂ ಒಟ್ಟಿಗೆ ಸಿಗುವುದಿಲ್ಲ. 1, 2, 4, 8 ಎಂದು ದ್ವಿಗುಣಿಸುತ್ತಾ ಹೋಗಿ, ಐಒಪಿಎಸ್ ಏರುವುದು ನಿಂತ ಜಾಗ ಗುರುತಿಸಿಕೊಳ್ಳಿ. ಸಾಟಾ ಡ್ರೈವ್‌ಗೆ 32ರ ಆಚೆ ಹೋಗಿ ಉಪಯೋಗವಿಲ್ಲ, ಅದರ ಕ್ಯೂ ಇರುವುದೇ 32.

ಒಟ್ಟಿಗೆ ಎಷ್ಟು ಜಾಬ್ ಓಡಬೇಕೆಂದು ಹೇಳುವ ನಮ್‌ಜಾಬ್ಸ್ ಡೆಪ್ತ್ ಅನ್ನು ಗುಣಿಸುತ್ತದೆ. ನಮ್‌ಜಾಬ್ಸ್=8, ಐಒಡೆಪ್ತ್=32 ಎಂದರೆ ಡ್ರೈವ್ ಮುಂದೆ ನಿಂತಿರುವುದು 256. ಒಂದು ಜಾಬ್‌ನ ಸಿಪಿಯು ಸಾಲಿನಲ್ಲಿ ಯೂಸರ್ ಮತ್ತು ಸಿಸ್ಟಮ್ ಕೂಡಿ ಶೇ 100 ಮುಟ್ಟುತ್ತಿದ್ದರೆ ಮಾತ್ರ ಜಾಬ್ ಹೆಚ್ಚಿಸಿ. ಆಗ ಸುಸ್ತಾಗಿರುವುದು ಕೋರ್, ಡಿಸ್ಕ್ ಅಲ್ಲ. ಸೀಕ್ವೆನ್ಶಿಯಲ್ ರೀಡ್‌ನಲ್ಲಿ ಇನ್ನೊಂದು ಹೊಂಡವಿದೆ: ಒಂದೇ ಡಿವೈಸ್‌ಗೆ ನಾಲ್ಕು ಜಾಬ್ ಕೊಟ್ಟರೆ ನಾಲ್ಕೂ ಸೊನ್ನೆಯಿಂದಲೇ ಓದಲು ಶುರು ಮಾಡುತ್ತವೆ. ಮೊದಲಿನದು ಓದಿದ್ದನ್ನು ಉಳಿದ ಮೂರಕ್ಕೆ ಸ್ಟೋರೇಜ್‌ನ ಕ್ಯಾಶ್ ಬಡಿಸುತ್ತದೆ. ಆಫ್‌ಸೆಟ್_ಇನ್‌ಕ್ರಿಮೆಂಟ್ ಕೊಟ್ಟು ಒಂದೊಂದನ್ನೂ ಬೇರೆ ಜಾಗದಿಂದ ಹೊರಡಿಸಿ.

ಬ್ಲಾಕ್ ಸೈಜ್ ಅನ್ನು ಅಪ್ಲಿಕೇಶನ್ ನೋಡಿ ಹಾಕಬೇಕು. ಡೇಟಾಬೇಸ್‌ಗಳಲ್ಲಿ ಪೋಸ್ಟ್‌ಗ್ರೆಸ್ ಪೇಜ್ 8ಕೆ, ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ 16ಕೆ. ಎಲ್ಲದಕ್ಕೂ 4ಕೆ ಹೊಡೆಯುವುದು ಬರೀ ರೂಢಿ. ಪೋಸ್ಟ್‌ಗ್ರೆಸ್ ಸರ್ವರ್‌ಗೆ ಡಿಸ್ಕ್ ಆರಿಸಬೇಕು ಎಂದಿಟ್ಟುಕೊಳ್ಳಿ. ಅಲ್ಲಿ ಎರಡು ಬೇರೆ ಬೇರೆ ಕೆಲಸ ಒಟ್ಟಿಗೆ ನಡೆಯುತ್ತವೆ: ಡೇಟಾ ಫೈಲ್‌ಗಳ ಮೇಲೆ ರ‍್ಯಾಂಡಮ್ ರೀಡ್-ರೈಟ್, ವಾಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್) ಮೇಲೆ ಒಂದರ ಹಿಂದೊಂದು ಸಣ್ಣ ರೈಟ್ ಮತ್ತು ಸಿಂಕ್ (ಬರೆದದ್ದು ಡಿಸ್ಕ್‌ನಲ್ಲಿ ಉಳಿಯುವಂತೆ ಖಚಿತಪಡಿಸುವುದು). ಜಾಬ್ ಫೈಲ್ ಹೀಗಿರಬಹುದು:

[ಗ್ಲೋಬಲ್]
ಡೈರೆಕ್ಟರಿ=/ಡೇಟಾ
ಟೈಮ್_ಬೇಸ್ಡ್=1
ರನ್‌ಟೈಮ್=1800
ರ‍್ಯಾಂಪ್_ಟೈಮ್=60
ಗ್ರೂಪ್_ರಿಪೋರ್ಟಿಂಗ್=1

[ಡೇಟಾ]
ಐಒಎಂಜಿನ್=ಲಿಬ್‌ಎಐಒ
ಡೈರೆಕ್ಟ್=1
ಆರ್‌ಡಬ್ಲ್ಯೂ=ರ‍್ಯಾಂಡ್‌ಆರ್‌ಡಬ್ಲ್ಯೂ
ಆರ್‌ಡಬ್ಲ್ಯೂಮಿಕ್ಸ್‌ರೀಡ್=70
ಬಿಎಸ್=8ಕೆ
ಐಒಡೆಪ್ತ್=8
ನಮ್‌ಜಾಬ್ಸ್=4
ಸೈಜ್=50ಜಿ

[ವಾಲ್]
ನ್ಯೂ_ಗ್ರೂಪ್=1
ಐಒಎಂಜಿನ್=ಸಿಂಕ್
ಆರ್‌ಡಬ್ಲ್ಯೂ=ರೈಟ್
ಬಿಎಸ್=8ಕೆ
ಎಫ್‌ಡೇಟಾಸಿಂಕ್=1
ಓವರ್‌ರೈಟ್=1
ಸೈಜ್=1ಜಿ

ಇದರಲ್ಲಿ ಮೂರು ಸಾಲು ಬಿಟ್ಟರೆ ಫಲಿತಾಂಶ ಕೆಡುತ್ತದೆ. ಒಂದು, ನ್ಯೂ_ಗ್ರೂಪ್. ಅದಿಲ್ಲದಿದ್ದರೆ ಗ್ರೂಪ್_ರಿಪೋರ್ಟಿಂಗ್ ಡೇಟಾ ಮತ್ತು ವಾಲ್ ಎರಡರ ರೈಟ್ ಲೇಟೆನ್ಸಿಯನ್ನೂ ಕಲಸಿ ಒಂದೇ ಮುದ್ದೆ ಮಾಡಿಕೊಡುತ್ತದೆ. ಎರಡು, ಓವರ್‌ರೈಟ್. ಹೊಸದಾಗಿ ಕಾದಿರಿಸಿದ, ಇನ್ನೂ ಏನೂ ಬರೆಯದ ಜಾಗಕ್ಕೆ ಬರೆದರೆ ಪ್ರತಿ ಸಿಂಕ್‌ನಲ್ಲೂ ಫೈಲ್ ಸಿಸ್ಟಮ್ ತನ್ನ ಜರ್ನಲ್ ಕೂಡ ಬರೆಯಬೇಕಾಗುತ್ತದೆ. ಪೋಸ್ಟ್‌ಗ್ರೆಸ್ ಹಾಗೆ ಮಾಡುವುದಿಲ್ಲ. ಹಳೆಯ ವಾಲ್ ಸೆಗ್ಮೆಂಟ್‌ಗಳನ್ನೇ ಮರುಬಳಸುತ್ತದೆ, ಹೊಸದನ್ನು ಮೊದಲೇ ಸೊನ್ನೆಯಿಂದ ತುಂಬಿಟ್ಟುಕೊಳ್ಳುತ್ತದೆ. ಓವರ್‌ರೈಟ್=1 ಆ ಸ್ಥಿತಿಯನ್ನು ತಂದುಕೊಡುತ್ತದೆ. ಮೂರು, ಎಫ್‌ಡೇಟಾಸಿಂಕ್=1, ಅಂದರೆ ಪ್ರತಿ ರೈಟ್ ಆದ ಮೇಲೆ ಒಂದು ಸಿಂಕ್. ಡೆಸ್ಕ್‌ಟಾಪ್ ಎಸ್‌ಎಸ್‌ಡಿಗೂ ಸರ್ವರ್ ಎಸ್‌ಎಸ್‌ಡಿಗೂ ಇರುವ ವ್ಯತ್ಯಾಸ ಬಯಲಾಗುವುದು ಈ ಒಂದು ಸಾಲಿನಿಂದ. ಕರೆಂಟ್ ಹೋದರೂ ಡೇಟಾ ಉಳಿಸುವ ಕೆಪಾಸಿಟರ್ ಇರುವ ಡ್ರೈವ್ ತನ್ನ ಡಿರ‍್ಯಾಮ್‌ಗೆ ಬಂದ ಕೂಡಲೇ ಉತ್ತರಿಸುತ್ತದೆ. ಅದಿಲ್ಲದ ಡ್ರೈವ್ ಫ್ಲ್ಯಾಶ್‌ವರೆಗೆ ಹೋಗಿ ಬರಬೇಕು. ಬರೀ ರ‍್ಯಾಂಡಮ್ ರೈಟ್ ಟೆಸ್ಟ್‌ನಲ್ಲಿ ಇವೆರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಸಿಂಕ್‌ನ ಸಮಯ ರೈಟ್‌ನ ಕ್ಲಾಟ್‌ನಲ್ಲಿ ಸೇರಿರುವುದಿಲ್ಲ. ಎಫ್‌ಸಿಂಕ್/ಎಫ್‌ಡೇಟಾಸಿಂಕ್ ಎಂಬ ಪ್ರತ್ಯೇಕ ಭಾಗದಲ್ಲಿ ಬರುತ್ತದೆ. ರೈಟ್ 15 ಮೈಕ್ರೋಸೆಕೆಂಡ್ ಎಂದು ಹಿಗ್ಗುವ ಮುನ್ನ ಕೆಳಗೆ ನೋಡಿ. ಕುಬರ್ನೆಟೀಸ್ ಕ್ಲಸ್ಟರ್ ನಡೆಸುವವರಿಗೆ ಇದೇ ಭಾಗ ಮುಖ್ಯ. ಅದು ತನ್ನ ಸ್ಥಿತಿ ಇಡುವ ಎಟ್‌ಸಿಡಿ ಡೇಟಾಬೇಸ್‌ಗೆ ವಾಲ್ ಸಿಂಕ್‌ನ 99ನೇ ಪರ್ಸೆಂಟೈಲ್ (ನೂರರಲ್ಲಿ 99 ಸಿಂಕ್‌ಗಳ ಸಮಯ) 10 ಮಿಲಿಸೆಕೆಂಡ್ ಒಳಗಿರಬೇಕು. ಅದಕ್ಕೆ ಬಳಕೆಯಲ್ಲಿರುವ ಟೆಸ್ಟ್ ಸಣ್ಣದು: ಎಂಜಿನ್ ಸಿಂಕ್, ಬಿಎಸ್ 2300 ಬೈಟ್, ಸೈಜ್ 22ಎಂ, ಎಫ್‌ಡೇಟಾಸಿಂಕ್ 1. ಅದಕ್ಕೆ ಡೈರೆಕ್ಟ್=1 ಸೇರಿಸಲು ಹೋಗಬೇಡಿ; 2300 ಸೆಕ್ಟರ್‌ನ ಗುಣಕವಲ್ಲ, ಕರ್ನಲ್ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದು ವಾಪಸ್ ಕಳಿಸುತ್ತದೆ.

ಹೊಸ ಎಸ್‌ಎಸ್‌ಡಿಯನ್ನು ಡಬ್ಬದಿಂದ ತೆಗೆದು ನೇರವಾಗಿ ರೀಡ್ ಟೆಸ್ಟ್‌ಗೆ ಹಾಕಿದರೆ ಬರುವ ಸಂಖ್ಯೆಗೆ ಬೆಲೆಯಿಲ್ಲ. ಏನೂ ಬರೆಯದ, ಅಥವಾ ಟ್ರಿಮ್ ಆದ (ಖಾಲಿ ಎಂದು ಡ್ರೈವ್‌ಗೆ ತಿಳಿಸಿದ) ಬ್ಲಾಕ್ ಕೇಳಿದರೆ ಡ್ರೈವ್ ಫ್ಲ್ಯಾಶ್ ಮುಟ್ಟದೆ ಸೊನ್ನೆ ಕೊಟ್ಟುಬಿಡುತ್ತದೆ. ಮೊದಲು ಇಡೀ ಡ್ರೈವ್ ಅನ್ನು 128ಕೆ ಸೀಕ್ವೆನ್ಶಿಯಲ್ ರೈಟ್‌ನಿಂದ ಎರಡು ಸಲ ತುಂಬಿ, ಲೂಪ್ಸ್=2 ಸಾಕು. 1.92 ಟಿಬಿ ಡ್ರೈವ್‌ಗೆ ಸೆಕೆಂಡಿಗೆ 1 ಜಿಬಿ ವೇಗದಲ್ಲಿ 64 ನಿಮಿಷ ಹಿಡಿಯುತ್ತದೆ. ಊಟ ಮುಗಿಸಿ ಬನ್ನಿ. ರ‍್ಯಾಂಡಮ್ ರೈಟ್ ಅಳೆಯುವುದಿದ್ದರೆ ಇದಾದ ಮೇಲೆ ರ‍್ಯಾಂಡಮ್ ರೈಟನ್ನೇ ಐಒಪಿಎಸ್ ಇಳಿದು ಒಂದು ಮಟ್ಟದಲ್ಲಿ ನಿಲ್ಲುವವರೆಗೆ ಓಡಿಸಿ, ನಂತರದ್ದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಈ ಹಂತದಲ್ಲಿ ಫೈಲ್‌ನೇಮ್‌ಗೆ ಇಡೀ ಡಿವೈಸ್ ಕೊಡುತ್ತೀರಲ್ಲ, ಅಲ್ಲಿ ಕೈ ನಡುಗಿದರೂ ಪರವಾಗಿಲ್ಲ. ಮೌಂಟ್ ಆಗಿರುವ ಡಿವೈಸ್‌ಗೆ ಬರೆಯಲು ಫಿಯೊ ಒಪ್ಪುವುದಿಲ್ಲ, ನಿಜ. ಆದರೆ ಹಲವು ಡಿಸ್ಕ್‌ಗಳನ್ನು ಕೂಡಿಸುವ ಎಲ್‌ವಿಎಂ ಅಥವಾ ರೇಡ್‌ನ ಒಳಗಿರುವ ಡಿಸ್ಕ್ ತನ್ನ ಹೆಸರಿನಲ್ಲಿ ಮೌಂಟ್ ಪಟ್ಟಿಯಲ್ಲಿ ಕಾಣುವುದಿಲ್ಲ, ಆ ಕಾವಲು ಅದಕ್ಕೆ ಅನ್ವಯಿಸದು. ರೀಡ್ ಮಾತ್ರ ಬೇಕಿದ್ದಾಗ ರೀಡ್‌ಓನ್ಲಿ ಫ್ಲ್ಯಾಗ್ ಕೊಡುವ ಅಭ್ಯಾಸ ಇಟ್ಟುಕೊಳ್ಳಿ.

ಬರೆಯುವ ಡೇಟಾ ಎಂಥದು ಎನ್ನುವುದೂ ಎಣಿಕೆಗೆ ಬರುತ್ತದೆ. ಫಿಯೊ ಡಿಫಾಲ್ಟ್ ಆಗಿ ರ‍್ಯಾಂಡಮ್ ಬೈಟ್ ಬರೆಯುತ್ತದೆ, ಅದು ಕುಗ್ಗುವುದಿಲ್ಲ. ಕಂಪ್ರೆಶನ್, ಡಿಡೂಪ್ (ಒಂದೇ ತೆರನ ಬ್ಲಾಕನ್ನು ಒಮ್ಮೆ ಮಾತ್ರ ಇಡುವುದು) ಇರುವ ಸ್ಟೋರೇಜ್ ಅರೇಗೆ ಇದು ಅನ್ಯಾಯ. ಜೀರೋ_ಬಫರ್ಸ್ ಹಾಕಿದರೆ ಅರೇ ಸೊನ್ನೆಗಳನ್ನು ಎಸೆದು ಕೈತೊಳೆದುಕೊಳ್ಳುತ್ತದೆ, ಅದು ಉಲ್ಟಾ ಅನ್ಯಾಯ. ಬಫರ್_ಕಂಪ್ರೆಸ್_ಪರ್ಸೆಂಟೇಜ್, ಡಿಡೂಪ್_ಪರ್ಸೆಂಟೇಜ್ ಎರಡನ್ನೂ ನಿಮ್ಮ ನಿಜ ಡೇಟಾಗೆ ಹೊಂದಿಸಿ.

ಕ್ಲೌಡ್ ಡಿಸ್ಕ್‌ನಲ್ಲಿ ರನ್‌ಟೈಮೇ ಮುಖ್ಯ. ಎಡಬ್ಲ್ಯೂಎಸ್‌ನ 100 ಜಿಬಿ ಜಿಪಿ2 ವಾಲ್ಯೂಮ್‌ನ ನಿಜ ವೇಗ 300 ಐಒಪಿಎಸ್, ಆದರೆ ಕೂಡಿಟ್ಟ 54 ಲಕ್ಷ ಐಒ ಕ್ರೆಡಿಟ್ ಖಾಲಿಯಾಗುವವರೆಗೆ 3000 ಕೊಡುತ್ತದೆ. ಸೆಕೆಂಡಿಗೆ 2700ರಂತೆ (3000 ಖರ್ಚು, 300 ಜಮೆ) ಖಾಲಿಯಾಗಲು 2000 ಸೆಕೆಂಡ್, 33 ನಿಮಿಷ ಬೇಕು. ಮೇಲಿನ ಅರ್ಧ ಗಂಟೆಯ ಟೆಸ್ಟೂ ಆ ಬೀಳುವಿಕೆಯನ್ನು ನೋಡುವುದಿಲ್ಲ. ರನ್‌ಟೈಮ್ ಅನ್ನು 3600 ಮಾಡಿ.

ಬಿದ್ದ ಕ್ಷಣ ಯಾವುದೆಂದು ತಿಳಿಯಲು ರೈಟ್_ಐಒಪಿಎಸ್_ಲಾಗ್, ರೈಟ್_ಲ್ಯಾಟ್_ಲಾಗ್ ಇವೆ. ಜೊತೆಗೆ ಲಾಗ್_ಎವಿಜಿ_ಎಂಸೆಕ್=1000 ಕೊಡಲೇಬೇಕು. ಕೊಡದಿದ್ದರೆ ಲ್ಯಾಟ್ ಲಾಗ್‌ನಲ್ಲಿ ಪ್ರತಿ ಐಒಗೂ ಒಂದೊಂದು ಸಾಲು: 2 ಲಕ್ಷ ಐಒಪಿಎಸ್‌ನಲ್ಲಿ ಹತ್ತು ನಿಮಿಷಕ್ಕೆ 12 ಕೋಟಿ ಸಾಲು. ಅಷ್ಟನ್ನೂ ಫಿಯೊ ಮೆಮೊರಿಯಲ್ಲಿ ಹೊತ್ತುಕೊಂಡೇ ಓಡುತ್ತದೆ, ಕೊನೆಗೆ ನೀವು ಅದನ್ನು ಚಾಲೂ ಮಾಡಿದ ಡೈರೆಕ್ಟರಿಯಲ್ಲಿ ಸುರಿಯುತ್ತದೆ. ಆ ಡೈರೆಕ್ಟರಿ ಬೇರೆ ಡಿಸ್ಕ್‌ನಲ್ಲಿರಲಿ.