ನಕಾಜಾಕಿಚೊ ಗಲ್ಲಿಯ ನೀರಿನ ಬಾಟಲಿಗಳು

ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೇರಿಸಿ ನಕಾಜಾಕಿಚೊ ಕಡೆ ಹೊರಟುಬಿಡುತ್ತೇನೆ. ಒಸಾಕಾದ ಉಮೆದಾ ಸ್ಟೇಷನ್ನಿನ ಗಗನಚುಂಬಿ ಕಟ್ಟಡಗಳನ್ನು ದಾಟಿದರೆ ಹತ್ತು ನಿಮಿಷದ ನಡಿಗೆ. 1945ರ ಬಾಂಬ್ ದಾಳಿಗೆ ಈ ಊರು ಉರಿದುಹೋದಾಗ ಉಳಿದುಕೊಂಡ ಕೇರಿ ಇದು. ಗೋಡೆಗೆ ಗೋಡೆ ತಾಗಿದ ಮರದ ಸಾಲುಮನೆಗಳಿಗೆ ಇಲ್ಲಿ ನಗಾಯಾ ಅನ್ನುತ್ತಾರೆ. ನಮ್ಮ ವಠಾರವೇ ಕಣ್ಮುಂದೆ ಬರುತ್ತದೆ. ಅಂಗಳವಿಲ್ಲವೆಂದು ಮೀನು ತುಂಬಿ ಬಂದ ಥರ್ಮಾಕೋಲ್ ಡಬ್ಬಿಗೇ ಮಣ್ಣು ಹಾಕಿ ಈರುಳ್ಳಿ ಸೊಪ್ಪು ಬೆಳೆಸಿದ್ದಾರೆ.

ಜನರ ಮುಖ ನಾನು ತೆಗೆಯುವುದಿಲ್ಲ. ಕೇಳದೆ ಫೋಟೊ ತೆಗೆದರೆ ಇಲ್ಲಿನವರಿಗೆ ನಿಜಕ್ಕೂ ನೋವಾಗುತ್ತದೆ. ಕದ್ದು ತೆಗೆಯುವವರನ್ನು ತಡೆಯಲೆಂದೇ ಇಲ್ಲಿ ಮಾರುವ ಹೆಚ್ಚಿನ ಫೋನುಗಳಲ್ಲಿ ಕ್ಲಿಕ್ ಸದ್ದು ನಿಲ್ಲಿಸಲು ಬರುವುದಿಲ್ಲ. ಹಾಗಾಗಿ ನನ್ನ ಚಿತ್ರಗಳಲ್ಲಿ ಇರುವುದು ಜನ ಬಿಟ್ಟುಹೋದ ಗುರುತು ಮಾತ್ರ. ಹೋದ ವಾರ ಸಿಕ್ಕಿದ್ದು ಮಗುವಿನ ಒಂದು ಕೆಂಪು ಕೈಗವಸು. ದಾರಿಯಲ್ಲಿ ಬಿದ್ದದ್ದನ್ನು ಯಾರೋ ಎತ್ತಿ, ಕಂಬಿಯ ತುದಿಗೆ ತೊಡಿಸಿ, ಮಳೆಗೆ ನೆನೆಯದಂತೆ ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಚೀಲದ ಗಂಟು ಸಡಿಲವಾಗಿತ್ತು, ಮಗುವಿನ ಬೆರಳಿಗೂ ಬಿಚ್ಚಲು ಬರುವಷ್ಟು. ಆ ಗಂಟಿನ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ.

ಅದೇ ಗಲ್ಲಿಯ ಕೊನೆಯ ಮನೆ ಮುಂದೆ ಎರಡೆರಡು ಲೀಟರಿನ ಏಳು ಬಾಟಲಿಗಳು, ಕುತ್ತಿಗೆವರೆಗೂ ನೀರು. ಗಿಡಕ್ಕೆ ನೀರು ಹಾಕುತ್ತಿದ್ದ ಅಜ್ಜಿಯನ್ನು ಕೇಳಿದೆ. "ನೆಕೊಯೊಕೆ" ಅಂದರು. ಬೆಕ್ಕು ಬರದಿರಲಿ ಅಂತ. ಬೆಳಕು ಹೊಳೆದರೆ ಬೆಕ್ಕು ಹೆದರುತ್ತದೆಂಬ ನಂಬಿಕೆ. ಚಳಿಗಾಲದ ಇಳಿಬಿಸಿಲು ಬಾಟಲಿಯೊಳಗೆ ಹಾದು ಒಂದೇ ಕಡೆ ಬಿದ್ದು ಬೆಂಕಿ ಹತ್ತೀತು ಎಂದು ಅಗ್ನಿಶಾಮಕದವರು ಎಚ್ಚರಿಸುತ್ತಲೇ ಇರುತ್ತಾರೆ. ಆದರೂ ಬಾಟಲಿಗಳು ಊರ ತುಂಬ ಇವೆ. ನನ್ನ ಫೋಟೊದಲ್ಲಿ ಮೂರನೆಯ ಬಾಟಲಿಗೆ ಬೆನ್ನು ಕೊಟ್ಟು ಒಂದು ಕಂದು ಬೆಕ್ಕು ಬಿಸಿಲು ಕಾಯಿಸುತ್ತಿದೆ.

ದಾವಣಗೆರೆಗೆ ಕಳಿಸಿದೆ. ಅಮ್ಮ ತಕ್ಷಣ ಫೋನ್ ಮಾಡಿದಳು.

"ನಮ್ಮ ಎದುರುಮನೆಯೋರು ನಾಯಿ ಬರಬಾರದು ಅಂತ ಗೇಟಿಗೆ ಬಾಟ್ಲಿ ಕಟ್ಟಿದಾರಲ್ಲೋ, ಅದೇ ಇದು! ಆದ್ರೆ ಅವರು ನೀಲಿ ಕಲಸ್ತಾರೆ. ಬರೀ ನೀರಿಗೆ ಯಾವ ಬೆಕ್ಕು ಹೆದರತ್ತೆ? ಆ ಅಜ್ಜಿಗೆ ಹೇಳು, ಎರಡು ಹನಿ ನೀಲಿ ಹಾಕ್ಲಿ."

ಬಟ್ಟೆಗೆ ಹಾಕುವ ನೀಲಿಗೆ ಜಪಾನಿಯಲ್ಲಿ ಏನನ್ನುತ್ತಾರೋ, ಭಾನುವಾರದೊಳಗೆ ತಿಳಿದುಕೊಳ್ಳಬೇಕು.